ಗಿಣಿಗೇರಾದಲ್ಲಿ ಅರ್ಧಕ್ಕೆ ನಿಂತ ಪಂದ್ಯ

ಪಂದ್ಯದ ಹಿಂದಿನ ದಿನ ಶನಿವಾರ. ಬೆಳಗಿನ ಶಾಲೆ ಮುಗಿಸಿ ಬೈಕಿನ ಕೀಲಿ ಹುಡುಕುತ್ತಿದ್ದೆ, ಗಿಣಿಗೇರಾದಿಂದ ಫೋನ್ ಬಂತು. ಮಾತಾಡಿದವರು ಅಲ್ಲಿಯ ಫುಟ್‌ಬಾಲ್ ಕ್ಲಬ್ಬಿನ ಕಾರ್ಯದರ್ಶಿ. ಊರಿನ ಕಬ್ಬಿಣದ ಕಾರ್ಖಾನೆಯ ಲಾರಿಗಳನ್ನು ತೂಗುವ ಕಟ್ಟೆಯಲ್ಲಿ ಅವರಿಗೆ ಕೆಲಸ. ಹಿಂದೆ ಲಾರಿಗಳ ಗದ್ದಲವಿಲ್ಲದೆ ಅವರ ದನಿಯನ್ನು ನಾನು ಎಂದೂ ಕೇಳಿದವನಲ್ಲ. ಅವತ್ತು ಮಾತ್ರ ಎಲ್ಲೋ ಮರೆಯಲ್ಲಿ ನಿಂತು, ಬಾಯಿಗೆ ಕೈ ಅಡ್ಡ ಹಿಡಿದು ಮಾತಾಡಿದಂತಿತ್ತು.

“ಸರ, ನಾಳೆ ಬರಬ್ಯಾಡ್ರಿ. ಮುಂದಿನ ಐತವಾರ ಇಟ್ಟಕೊಳ್ಳೂಣು.”

“ಯಾಕ್ರಿ?”

“ಇಲ್ಲಿ ಹವಾ ಸರಿ ಇಲ್ರಿ.”

“ಹವಾ ಅಂದ್ರ?”

“ಅಷ್ಟ ತಿಳಕೋರಿ ಸರ. ಫೋನಿನ್ಯಾಗ ಎಲ್ಲಾ ಹೇಳಾಕ ಬರಲ್ಲ.”

ನಾನು ಗಂಗಾವತಿ ಹತ್ತಿರದ ಒಂದು ಹಳ್ಳಿಯ ಪ್ರಾಥಮಿಕ ಶಾಲೆಯ ಮೇಷ್ಟ್ರು. ಮೊಣಕಾಲು ಕೈಕೊಡುವವರೆಗೆ ನಮ್ಮ ಕ್ಲಬ್ಬಿಗೆ ಎಡಬದಿಯ ಬ್ಯಾಕ್ ಆಡುತ್ತಿದ್ದೆ. ಈಗ ಪತ್ರ ಬರೆಯುವುದು, ಗಾಯಕ್ಕೆ ಪಟ್ಟಿ ಕಟ್ಟುವ ಸಾಮಾನಿನ ಡಬ್ಬಿ ಹಿಡಿದು ಹೋಗುವುದು, ಗೆರೆಯಾಚೆ ನಿಂತು ಗಂಟಲು ಹರಿಯುವಂತೆ ಕೂಗುವುದು ನನ್ನ ಕೆಲಸ. ಆಡುವವರು ಹೆಚ್ಚಿನಂಶ ಅಕ್ಕಿ ಗಿರಣಿಯ ಹುಡುಗರು. ಐದು ಕ್ಲಬ್ಬುಗಳು ಸೇರಿ ನಾವೇ ಕಟ್ಟಿಕೊಂಡ ಲೀಗು. ನಿಯಮಗಳನ್ನು ಬರೆದವನೂ ನಾನೇ: ಮೈದಾನಕ್ಕೆ ಬಾರದ ತಂಡ, ಅಥವಾ ಆಟದ ನಡುವೆ ಮೈದಾನ ಬಿಟ್ಟ ತಂಡ, ಸೋತಂತೆ.

“ನಮ್ಮ ಹುಡುಗ್ರು ಮಿಲ್ಲಿಗೆ ರಜಾ ಹಾಕ್ಯಾರ್ರಿ,” ಅಂದೆ. “ಆಡಾಕ ಆಗಲ್ಲ ಅಂದ್ರ ವಾಕ್‌ಓವರ್ ಅಂತ ಬರದು ಕೊಡ್ರಿ, ಮುಗೀತು.”

ನಿಯಮ ಬರೆದವನ ಜಂಬ ಅದರಲ್ಲಿತ್ತು ಎಂದು ಈಗ ಅನ್ನಿಸುತ್ತದೆ. ಆ ಕಡೆಯಿಂದ ನಿಟ್ಟುಸಿರು ಕೇಳಿತು. “ಬರ್ರಿ ಹಂಗಾರ,” ಎಂದು ಫೋನ್ ಇಟ್ಟರು.

ಸಂಜೆ ಹುಡುಗರಿಗೆ ಹೇಳಿದಾಗ ಯಾರಿಗೂ ಅನುಮಾನ ಉಳಿಯಲಿಲ್ಲ. ಹೋದ ವರ್ಷ ನಮ್ಮೂರಿಗೆ ಬಂದಿದ್ದ ಗಿಣಿಗೇರಾ ತಂಡದ ಮೇಲೆ ನಮ್ಮ ಕಡೆಯ ಯಾರೋ ಕಲ್ಲು ಎಸೆದಿದ್ದರು. ಒಬ್ಬನ ಹುಬ್ಬು ಒಡೆದಿತ್ತು. ಅದಕ್ಕೆ ಸೇಡು ಕಾದಿದೆ, ಈ ಫೋನು ಬೆದರಿಕೆ ಎಂದೇ ಎಲ್ಲರೂ ತಿಳಿದರು. ಗಿರಣಿಯಲ್ಲಿ ಹಮಾಲಿ ಮಾಡುವ ನಮ್ಮ ಮುಂಚೂಣಿ ಆಟಗಾರ ಮಾತ್ರ ನಕ್ಕ. “ಬಡದ್ರ ಬಡೀಲಿ ಬಿಡ್ರಿ ಸರ. ಚೀಲ ಹೊತ್ತ ಬೆನ್ನು, ತಡೀತೈತಿ.”

ಭಾನುವಾರ ಮಧ್ಯಾಹ್ನ ಎರಡು ಟೆಂಪೋಗಳಲ್ಲಿ ಹೊರಟೆವು. ಒಂದರಲ್ಲಿ ತಂಡ, ಇನ್ನೊಂದರಲ್ಲಿ ನಾವು ಎಂಟು ಜನ ಬೆಂಬಲಿಗರು, ಇಪ್ಪತ್ತು ಲೀಟರಿನ ಮೂರು ನೀರಿನ ಕ್ಯಾನು. ಕಾಲುವೆಯ ಹಸಿರು ಮುಗಿದು ಬಂಡೆಗುಡ್ಡಗಳು ಬಂದವು. ಹುಲಿಗಿಯ ತಿರುವಿನಲ್ಲಿ ಹುಲಿಗೆಮ್ಮನ ಗುಡಿಗೆ ನಡೆದು ಹೊರಟವರ ಗುಂಪು ರಸ್ತೆ ತುಂಬಿ ಅರ್ಧ ತಾಸು ನಿಲ್ಲಬೇಕಾಯಿತು. ಅಲ್ಲಿಯವರೆಗೆ ಹಾಡುತ್ತಿದ್ದ ನಮ್ಮವರು ಆಮೇಲೆ ಹಾಡಲಿಲ್ಲ. ಚಿಮಣಿಗಳು ಕಾಣತೊಡಗಿದಂತೆ ಯಾರೋ ಟೆಂಪೋದ ಪರದೆ ಇಳಿಬಿಟ್ಟರು. ಕಲ್ಲು ಬಂದರೆ ಇರಲಿ ಎಂದು.

ಅಲ್ಲಿನ ಮೈದಾನ ಕಾರ್ಖಾನೆಯ ಹಿಂಗೋಡೆಗೆ ಅಂಟಿಕೊಂಡಿದೆ. ನೆಲವೆಲ್ಲ ಕರಿ ಪುಡಿ, ಅದರ ಮೇಲೆ ದಪ್ಪಗೆ ಎಳೆದ ಸುಣ್ಣದ ಗೆರೆ. ಗೋಲಿನ ಕಂಬಗಳು ಕಾರ್ಖಾನೆಯ ಹಳೆಯ ಪೈಪುಗಳು, ಬೇಕಾದದ್ದಕ್ಕಿಂತ ಎರಡು ಪಟ್ಟು ದಪ್ಪ. ಗೋಡೆಯಾಚೆ ಅದಿರು ಕಾಯಿಸುವ ಭಟ್ಟಿ, ಹಗಲೂ ರಾತ್ರಿ ತಿರುಗುವ ಉದ್ದನೆಯ ಉಕ್ಕಿನ ಕೊಳವೆ, ಅದರ ತುದಿಗೆ ಚಿಮಣಿ.

ಅವರ ಬೆಂಬಲಿಗರು ಮುನ್ನೂರರ ಮೇಲಿದ್ದರು. ಹೆಚ್ಚಿನವರು ಬೆಳಗಿನ ಪಾಳಿ ಮುಗಿಸಿ ಹಾಗೇ ಬಂದವರು, ಮೈಮೇಲೆ ನೀಲಿ ಅಂಗಿ. ಅಷ್ಟು ಜನರಿದ್ದೂ ಸದ್ದಿಲ್ಲ. ನಾವು ಇಳಿದಾಗ ಯಾರೂ ಬೈಯಲಿಲ್ಲ, ಕೇಕೆ ಹಾಕಲಿಲ್ಲ. ಒಬ್ಬ ಎದ್ದು ನಮಗೆ ಕೂರಲು ಜಾಗ ತೋರಿಸಿದ. ಅದು ಗೋಡೆಯಿಂದ ಬಲು ದೂರದ ಮೂಲೆ. ನಮ್ಮವನೊಬ್ಬ ಗೋಡೆಯ ನೆರಳಿಗೆ ಹೋಗುತ್ತೇನೆ ಎಂದಾಗ ಅವನು ತೋಳು ಹಿಡಿದು ನಿಲ್ಲಿಸಿದ. “ಆ ಕಡೆ ಬ್ಯಾಡ. ಇಲ್ಲೇ ಕೂಡ್ರಿ.”

“ನಮ್ಮನ್ನ ಒಂದ ಕಡೆ ಕೂಡಿ ಹಾಕಾಕತ್ತಾರ,” ಎಂದು ನಮ್ಮವನು ನನ್ನ ಕಿವಿಯಲ್ಲಿ ಹೇಳಿದ. ನನಗೂ ಹಾಗೇ ಅನ್ನಿಸಿತು. ಟೆಂಪೋ ಚಾಲಕನಿಗೆ ಗಾಡಿಯನ್ನು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಲು ಹೇಳಿಬಂದೆ.

ಮೂಲೆಯಲ್ಲಿ ಮಂಡಕ್ಕಿ, ಮಿರ್ಚಿ ಮಾರುವ ಒಬ್ಬ ಮುದುಕಿ ಕೂತಿದ್ದಳು. ಒಲೆ ಹಚ್ಚಿರಲಿಲ್ಲ. ಬೆಳಿಗ್ಗೆ ಕರಿದ ಮಿರ್ಚಿ ತಣ್ಣಗಾಗಿದ್ದವು. “ಒಲಿ ಯಾಕ ಹಚ್ಚಿಲ್ಲವ್ವ?” ಎಂದು ಕೇಳಿದೆ.

“ಇವತ್ತ ಬೆಂಕಿ ಹಚ್ಚಾಕ ಮನಸ ಬರಲಿಲ್ಲಪ್ಪಾ.” ಪೊಟ್ಟಣ ಕಟ್ಟಿಕೊಡುತ್ತ ಕೇಳಿದಳು, “ಎಷ್ಟೊತ್ತಿಗೆ ಮುಗಸ್ತೀರಿ?”

“ಆರಕ್ಕ.”

“ಲಗೂನ ಮುಗಿಸಿ ಹೋಗ್ರಿ. ನಿಮ್ಮ ಮನ್ಯಾಗೂ ದಾರಿ ಕಾಯ್ತಿರ್ತಾರ.”

ಆಟ ಶುರುವಾಯಿತು. ಎರಡೂ ತಂಡದ ಆಟ ಕಳೆಗಟ್ಟಲಿಲ್ಲ. ನಮ್ಮವರು ಹೆದರಿ ಚೆಂಡನ್ನು ಬೇಗ ಬೇಗ ಒದ್ದು ಕಳಿಸುತ್ತಿದ್ದರು. ಅವರ ಹುಡುಗರು, ಹೋದ ವರ್ಷ ನಮ್ಮ ಬೆವರಿಳಿಸಿದ್ದ ಅದೇ ಹುಡುಗರು, ಚೆಂಡು ಕಾಲಿಗೆ ಬಂದಾಗಲೂ ಒಂದು ಗಳಿಗೆ ತಡೆದು ನೋಡುತ್ತಿದ್ದರು. ಇಪ್ಪತ್ತು ನಿಮಿಷಕ್ಕೆ ಚೆಂಡು ಕಪ್ಪಾಯಿತು. ಆಗಲೇ ನಾನು ಒಂದು ವಿಷಯ ಗಮನಿಸಿದೆ. ಮುನ್ನೂರು ಜನರಲ್ಲಿ ಆಟ ನೋಡುತ್ತಿದ್ದವರು ಹತ್ತಿಪ್ಪತ್ತು ಜನ. ಉಳಿದವರು ಕತ್ತು ತಿರುಗಿಸಿ ಗೋಡೆಯಾಚೆ ನೋಡುತ್ತಿದ್ದರು. ಗೋಲು ಕಾಯುತ್ತಿದ್ದ ಅವರ ಹುಡುಗ ಕೂಡ, ಚೆಂಡು ನಮ್ಮ ಕಡೆ ಹೋದಾಗಲೆಲ್ಲ, ಮೈದಾನಕ್ಕೆ ಬೆನ್ನು ಹಾಕಿ ಚಿಮಣಿ ನೋಡುತ್ತಿದ್ದ.

ನನ್ನ ಅಂಗಾಲಿಗೆ ಒಂದು ನಡುಕ ತಾಗುತ್ತಿತ್ತು. ನೆಲದೊಳಗಿಂದ ಬರುವ ಗುಂಯ್ ಎನ್ನುವ ಸದ್ದು. ನೀರಿನ ಕ್ಯಾನಿನ ಮೇಲೆ ಕೈಯಿಟ್ಟರೆ ಅದರೊಳಗೂ ಇತ್ತು. ಕಾರ್ಖಾನೆ ಎಂದರೆ ಹೀಗೇ ಇರಬಹುದು ಎಂದುಕೊಂಡೆ.

ಅರ್ಧ ವೇಳೆಗೆ ತೂಕದ ಕಟ್ಟೆಯ ಕಾರ್ಯದರ್ಶಿ ನಮ್ಮ ಕಡೆ ಬಂದರು. ಮುಖ ಬಾಡಿತ್ತು. “ಸರ, ಸೊನ್ನಿ ಸೊನ್ನಿ ಐತಿ. ಇಲ್ಲಿಗೆ ಸಮ ಅಂತ ಮುಗಸೂಣೇನ್ರಿ?”

ನನ್ನ ಬೆನ್ನ ಹಿಂದೆ ನಮ್ಮ ಹುಡುಗರು ನಿಂತಿದ್ದರು. ಒಬ್ಬ ಗೊಣಗಿದ, “ಸೋಲ್ತೀವಿ ಅಂತ ಅಂಜ್ಯಾರ.” ಪೂರ್ತಿ ಆಡೋಣ ಎಂದು ನಾನು ಹೇಳಿದೆ. ಅವರು ಏನೋ ಹೇಳಲು ಬಾಯಿ ತೆರೆದರು. ಗೋಡೆಯ ಬಳಿ ಕಾರ್ಖಾನೆಯ ಕಾವಲಿನವರು ಇಬ್ಬರು ನಿಂತು ನಮ್ಮ ಕಡೆಗೇ ನೋಡುತ್ತಿದ್ದರು. ಅವರನ್ನು ಕಂಡ ಕಾರ್ಯದರ್ಶಿ ತಿರುಗಿ ಹೋದರು.

ಎರಡನೆಯ ಅರ್ಧದಲ್ಲಿ ಕಾಲು ತಾಸು ಕಳೆದಿರಬೇಕು. ನಮ್ಮ ಹಮಾಲ ಹುಡುಗ ನಡುಗೆರೆಯ ಹತ್ತಿರ ಚೆಂಡು ಕಸಿದು ಒಬ್ಬನೇ ಮುನ್ನುಗ್ಗಿದ. ನಾನು ಎದ್ದು ನಿಂತು ಕೂಗತೊಡಗಿದೆ. ನನ್ನ ಕೂಗು ನನಗೇ ವಿಪರೀತ ದೊಡ್ಡದಾಗಿ ಕೇಳಿಸಿತು. ಯಾಕೆಂದು ಒಂದು ಕ್ಷಣ ತಿಳಿಯಲಿಲ್ಲ. ನೆಲದ ಗುಂಯ್‌ಗುಟ್ಟುವಿಕೆ ನಿಂತುಹೋಗಿತ್ತು.

ಮುನ್ನೂರು ಜನ ಒಟ್ಟಿಗೆ ಎದ್ದರು. ಗೋಲು ಕಾಯುತ್ತಿದ್ದ ಹುಡುಗ ಕೈಗವಸು ಕಿತ್ತೆಸೆದು ಗೋಡೆಯ ಕಡೆ ಓಡಿದ. ಚೆಂಡಿನ ಮೇಲೇ ಕಣ್ಣಿಟ್ಟಿದ್ದ ನಮ್ಮವನು ಅದನ್ನು ಕಾಣಲಿಲ್ಲ. ಒದ್ದ. ಚೆಂಡು ಖಾಲಿ ಗೋಲಿನೊಳಗೆ ಹೋಯಿತು. ನಮ್ಮ ಎಂಟು ಜನರಲ್ಲಿ ಮೂವರು ಕುಣಿದೇಬಿಟ್ಟರು. ಆಗ ಗೋಡೆಯಾಚೆ ದೊಪ್ಪನೆ ಒಂದು ಸದ್ದಾಯಿತು, ದೊಡ್ಡದೇನಲ್ಲ, ಮೇಲಿನಿಂದ ಭತ್ತದ ಚೀಲ ಬಿದ್ದಷ್ಟು. ಚಿಮಣಿಯ ಬುಡದಿಂದ ಕೆಂಗಪ್ಪು ಹೊಗೆ ಎದ್ದಿತು. ಆಮೇಲೆ ಸೈರನ್ನು.

ಮೈದಾನ ಖಾಲಿಯಾಗಲು ಒಂದು ನಿಮಿಷವೂ ಹಿಡಿಯಲಿಲ್ಲ. ನಮ್ಮ ಹನ್ನೊಂದು ಜನ, ರೆಫ್ರಿ, ನಾವು ಎಂಟು ಮಂದಿ ನಿಂತೇ ಇದ್ದೆವು. ನಮ್ಮ ಚಾಲಕ ಟೆಂಪೋ ಶುರು ಮಾಡಿ, “ಹತ್ರಿ, ಹೋಗೂಣು,” ಎಂದು ಕೂಗುತ್ತಿದ್ದ. ಮುದುಕಿ ಮಂಡಕ್ಕಿಯ ಚೀಲದ ಮೇಲೆ ಕೂತೇ ಎದೆ ಬಡಿದುಕೊಳ್ಳುತ್ತಿದ್ದಳು. “ಎರಡ ದಿನದಿಂದ ಹೇಳಾಕತ್ತಿದ್ರು, ಎರಡ ದಿನದಿಂದ.” ಅವಳು ಬಿಡಿಬಿಡಿಯಾಗಿ ಹೇಳಿದ್ದನ್ನು ಕೂಡಿಸಿದಾಗಷ್ಟೇ ನನಗೆ ಅರ್ಥವಾಯಿತು. ಶುಕ್ರವಾರದಿಂದ ಭಟ್ಟಿ ಸರಿಯಿರಲಿಲ್ಲ. ನಿಲ್ಲಿಸಿ ಎಂದು ಕೆಲಸಗಾರರು ಹೇಳಿದ್ದರು. ಮಧ್ಯಾಹ್ನದ ಪಾಳಿಯವರು ಗೇಟಿನಲ್ಲಿ ಒಂದು ತಾಸು ನಿಂತು, ಕೊನೆಗೆ ಒಳಗೆ ಹೋಗಿದ್ದರು. ಇಲ್ಲಿ ಕೂತವರೆಲ್ಲ ಒಳಗಿದ್ದವರ ಅಣ್ಣಂದಿರು, ಮಾವಂದಿರು, ಗೆಳೆಯರು.

ಹಿಂಗೋಡೆಯಲ್ಲಿ ಮೊದಲೇ ಒಡೆದಿದ್ದ ಒಂದು ಕಂಡಿಯಿಂದ ನಾಲ್ಕೈದು ಜನ ಒಬ್ಬನನ್ನು ಎತ್ತಿ ತಂದರು. ಕಾರ್ಖಾನೆಯ ಗಾಡಿ ಇಬ್ಬರನ್ನು ಹೇರಿಕೊಂಡು ಹೋಗಿಯಾಗಿತ್ತು. ಹಮಾಲ ಹುಡುಗ ಓಡಿಹೋಗಿ ಗಾಯಾಳುವಿನ ಕಾಲುಗಳನ್ನು ಹಿಡಿದ. ಚೀಲ ಎತ್ತುವ ಅಭ್ಯಾಸದ ಕೈ, ಸ್ವಲ್ಪವೂ ಅಲುಗಿಸದೆ ನಮ್ಮ ಟೆಂಪೋದಲ್ಲಿ ಮಲಗಿಸಿದ. ಜೊತೆಗೆ ಹತ್ತಿದವನು ಗೋಲು ಕಾಯುವ ಹುಡುಗ. ಮೈ ಸುಟ್ಟುಕೊಂಡವನು ಅವನ ಅಣ್ಣ. ಚಾಲಕ ಮತ್ತೆ ಏನೂ ಕೇಳದೆ ಕೊಪ್ಪಳದ ದಾರಿ ಹಿಡಿದ.

ಎರಡೂ ಕೈ, ಎದೆ, ಕತ್ತಿನ ಒಂದು ಬದಿ. ನಾನು ಕ್ಯಾನಿನ ನೀರನ್ನು ತಂಬಿಗೆಯಿಂದ ಸುರಿಯುತ್ತಲೇ ಹೋದೆ. ಅವನಿಗೆ ಪ್ರಜ್ಞೆ ಇತ್ತು. ನಮ್ಮ ಜೆರ್ಸಿಗಳನ್ನು ಒಂದೊಂದಾಗಿ ನೋಡಿ ಕೇಳಿದ, “ಗಂಗಾವತಿಯವ್ರೇನ್ರಿ?”

“ಹೌದ್ರಿ.”

“ಎಷ್ಟಾತು ಮ್ಯಾಚು?”

ನಾನು ಇನ್ನೊಂದು ತಂಬಿಗೆ ನೀರು ಬಗ್ಗಿಸಿಕೊಂಡೆ. ಅವನು ತಮ್ಮನ ಕಡೆ ಕಣ್ಣು ಹೊರಳಿಸಿದ. “ಇವ ಗೋಲ್ ಬಿಟ್ಟಿಲ್ಲ ಹೌದಲ್ಲ?”

ಕಾಲ ಬಳಿ ಕೂತಿದ್ದ ನಮ್ಮ ಹಮಾಲ ಹುಡುಗನೇ ಹೇಳಿದ, “ಇಲ್ಲಣ್ಣ. ಒಂದೂ ಬಿಟ್ಟಿಲ್ಲ. ಭಾಳ ಛಲೋ ಆಡಿದ.”

ಆಸ್ಪತ್ರೆಯ ಪಡಸಾಲೆಯಲ್ಲಿ ಕಾರ್ಯದರ್ಶಿ ಸಿಕ್ಕರು. ಗೋಡೆಗೆ ಒರಗಿ ಕುಕ್ಕರಗಾಲಲ್ಲಿ ಕೂತಿದ್ದರು. ನಾನೂ ಪಕ್ಕದಲ್ಲಿ ಕೂತೆ. “ನಿನ್ನೆ ನೀವು ಹೇಳಿದ್ದು ನನಗ ತಿಳೀಲಿಲ್ರಿ,” ಎಂದೆ.

ಅವರು ನನ್ನ ಕಡೆ ನೋಡಲಿಲ್ಲ. “ತಿಳಿದಿದ್ರ ಮ್ಯಾಚ್ ನಿಲ್ತಿತ್ತು. ಭಟ್ಟಿ ಎಲ್ಲಿ ನಿಲ್ತಿತ್ರಿ.” ಹಾಗೇ ಸೇರಿಸಿದರು, “ಆದ್ರ ಮ್ಯಾಚ್ ಇರದಿದ್ರ ನಮ್ಮ ಹುಡುಗ್ರು ಗೇಟಿನ ಮುಂದ ನಿಂದ್ರತಿದ್ರು. ಮಂದಿ ಇದ್ರ ಇನ್ನೊಂದ ತಾಸು ಜಗಳ ಆಡ್ತಿದ್ರೇನೋ ಪಾಳಿಯವರು. ಯಾರಿಗ್ಗೊತ್ತು.”

ಆ ‘ಯಾರಿಗ್ಗೊತ್ತು’ ನನ್ನನ್ನು ಬಿಟ್ಟಿಲ್ಲ. ತಂಡದವರಿಗೆ ನಾನು ಅದನ್ನು ಇನ್ನೂ ಹೇಳಿಲ್ಲ.

ಕಾರ್ಖಾನೆಯ ಗಾಡಿಯಲ್ಲಿ ಮೊದಲು ಹೋದ ಇಬ್ಬರಲ್ಲಿ ಒಬ್ಬ ಆ ರಾತ್ರಿಯೇ ತೀರಿಕೊಂಡ. ನಮ್ಮ ಟೆಂಪೋದಲ್ಲಿ ಬಂದವನನ್ನು ಹುಬ್ಬಳ್ಳಿಗೆ ಸಾಗಿಸಿದರು. ಬಹಳ ದಿನ ಇದ್ದು ಬದುಕಿ ಬಂದ. ಎಡಗೈಯ ಬೆರಳು ಕೂಡಿಕೊಂಡಿವೆಯಂತೆ.

ಮುಂದಿನ ಭಾನುವಾರ ನಮ್ಮ ಕ್ಲಬ್ಬಿನ ಸಭೆ. ಪಂದ್ಯದ ವರದಿ ನಾನು ಬರೆಯಬೇಕಿತ್ತು. ಮೈದಾನ ಬಿಟ್ಟವರು ಅವರು, ಗೋಲು ಹೊಡೆದವರು ನಾವು, ಎರಡು ರೀತಿಯಲ್ಲೂ ಗೆಲುವು ನಮ್ಮದೇ ಎಂದು ನಾಲ್ಕಾರು ಜನ ವಾದಿಸಿದರು. ನಿಯಮದ ಹಾಳೆಯನ್ನೂ ತಂದಿದ್ದರು, ನನ್ನದೇ ಅಕ್ಷರ. ಕೆಟ್ಟ ಹುಡುಗರಲ್ಲ. ಅವರಲ್ಲಿ ಒಬ್ಬ ಅವತ್ತು ರಕ್ತ ಕೊಟ್ಟಿದ್ದ. ಆದರೆ ಲೀಗಿನಲ್ಲಿ ನಾವು ಮೊದಲ ಸ್ಥಾನಕ್ಕೆ ಹತ್ತಿರವಿದ್ದೆವು.

ಮೂಲೆಯಲ್ಲಿ ಕೂತಿದ್ದ ಹಮಾಲ ಹುಡುಗ ಎದ್ದು ನಿಂತ. “ಗೋಲು ಆಗಿಲ್ರಿ. ಬಾಲು ಹೊರಗ ಹೋತು.”

“ಎಲ್ಲಾರೂ ನೋಡೀವಲ್ಲೋ!”

“ಒದ್ದಾವ ನಾನು. ನನಗ ಗೊತ್ತಿಲ್ಲೇನು? ಹೊರಗ ಹೋತು.”

ಸೊನ್ನೆ ಸೊನ್ನೆ, ಎರಡೂ ತಂಡ ಒಪ್ಪಿ ನಿಲ್ಲಿಸಿದ ಆಟ ಎಂದು ನಾನು ಬರೆದೆ. ಯಾರೂ ಸಹಿ ಹಾಕುವುದಿಲ್ಲ ಎನ್ನಲಿಲ್ಲ. ಆ ವರ್ಷ ನಾವು ಎರಡನೆಯ ಸ್ಥಾನಕ್ಕೆ ಬಂದೆವು.

ಕಳೆದ ತಿಂಗಳು ಗಂಗಾವತಿಯ ಸಂತೆಯಲ್ಲಿ ಹಮಾಲ ಹುಡುಗ ಎದುರಾದ. ಹೊಸ ಬೂಟು, ಎಣ್ಣೆ ಹಚ್ಚಿ ಬಾಚಿದ ತಲೆ. ಗಿರಣಿ ಬಿಟ್ಟೆ ಎಂದ. ಬೆನ್ನು ನೋವು ತಡೆಯಲಾಗಲಿಲ್ಲವಂತೆ.

“ಈಗ ಎಲ್ಲಿ?”

“ಗಿಣಿಗೇರಾದಾಗ ಸರ. ಅವರ ಗೋಲ್ ಕಾಯಾವ ಮಾತಾಡಿ ಹಚ್ಚಿಕೊಟ್ಟ. ಅವರ ಟೀಮಿನ್ಯಾಗೂ ತಗೊಂಡಾರ.”

“ಯಾವ ಕೆಲಸ?”

“ಭಟ್ಟಿ ಹತ್ರ,” ಎಂದ, ಶಾಲೆಯಲ್ಲಿ ತಪ್ಪು ಒಪ್ಪಿಕೊಳ್ಳುವ ಮಕ್ಕಳ ದನಿಯಲ್ಲಿ. “ಮಧ್ಯಾಹ್ನದ ಪಾಳಿ.”

ಹುಷಾರು ಎಂದೆ. ಅವನು ನಕ್ಕು, ಬಸ್ಸಿಗೆ ಹೊತ್ತಾಯಿತು ಎಂದು ಅವಸರದಲ್ಲಿ ಹೋದ. ಈ ವರ್ಷದ ಪಂದ್ಯಪಟ್ಟಿ ಮಾಡುವಾಗ ಅವರ ಊರಿನ ಪಂದ್ಯವನ್ನು ಭಾನುವಾರ ಬೆಳಿಗ್ಗೆ ಹಾಕಿದ್ದೇನೆ, ಅವನಿಗೆ ಕೆಲಸವಿಲ್ಲದ ಹೊತ್ತಿಗೆ. ಯಾಕೆ ಬೆಳಿಗ್ಗೆ ಎಂದು ನಮ್ಮವರು ಕೇಳಿದರು. ಬಿಸಿಲು ಕಡಿಮೆ ಇರುತ್ತದೆ ಎಂದು ಹೇಳಿದೆ.