ನನಗಾಗಿ ರೈಲು ಬಿಟ್ಟ ಹೂವಿನಕ್ಕ

ಮೊನ್ನೆ ಕಾರವಾರದ ಹಬ್ಬುವಾಡದಲ್ಲಿರುವ ನಮ್ಮ ಮನೆಗೆ ಪಕ್ಕದವರು ಬಾಳೆಲೆಯಲ್ಲಿ ಕಟ್ಟಿದ ಮಲ್ಲಿಗೆ ತಂದುಕೊಟ್ಟರು. ಕಟ್ಟು ಬಿಚ್ಚಿದೊಡನೆ ಒದ್ದೆ ಎಲೆಯ ವಾಸನೆ, ಹಿಂದೆಯೇ ಹೂವಿನದು... ಹೂವಿನಕ್ಕ ನೆನಪಾದಳು.

ಮೊದಲು ನಾವಿದ್ದ ಹಾರವಾಡದ ಕಡೆ ಒಂದು ಪುಟ್ಟ ಸ್ಟೇಶನ್. ಒಂದು ಫಲಕ, ತಗಡಿನ ಮಾಡು, ಎರಡು ಕಲ್ಲುಬೆಂಚು, ಅಷ್ಟೆ. ಸಿಬ್ಬಂದಿ ಎಂದು ಯಾರೂ ಇರಲಿಲ್ಲ. ಬೆಳಗಿನ ಗಾಡಿ ಒಂದು ನಿಮಿಷ ನಿಂತು ಹೋದರೆ ಮಧ್ಯಾಹ್ನದವರೆಗೆ ನಾಯಿಗಳದ್ದೇ ಕಾರುಬಾರು. ಆ ಗಾಡಿಗೆ ಹೂವಿನಕ್ಕ ತಪ್ಪದೆ ಬರುತ್ತಿದ್ದಳು. ಕಾರವಾರದ ಒಂದು ದೇವಸ್ಥಾನದ ಎದುರು ಅವಳ ವ್ಯಾಪಾರ.

ನನ್ನ ಗಂಡ ತೀರಿಕೊಂಡು ಐದು ತಿಂಗಳಾಗಿತ್ತು. ಕಾರವಾರದ ಅವರ ಕಚೇರಿಯಲ್ಲೇ ನನಗೆ ಅನುಕಂಪದ ನೌಕರಿ ಸಿಕ್ಕಿತ್ತು. ಹಾಜರಾಗಲು ಅಂದೇ ಕೊನೆಯ ದಿನ. ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಬಂದಿದ್ದೆ. ರೈಲು ಬಂತು. ನನ್ನ ಗಂಡ ದಿನವೂ ಹತ್ತುತ್ತಿದ್ದ ಡಬ್ಬಿಯೇ ಎದುರು ನಿಂತಿತು. ಒಳಗೆ ಯಾರೋ ನಗುತ್ತಿದ್ದರು... ನನ್ನ ಕಾಲು ಏಳಲಿಲ್ಲ. ರೈಲು ಹೋಯಿತು.

ತಿರುಗಿದರೆ ಬುಟ್ಟಿ ಹಿಡಿದು ಹೂವಿನಕ್ಕ ನಿಂತಿದ್ದಳು. ಹತ್ತಿದವಳು ನನ್ನನ್ನು ನೋಡಿ ಇಳಿದುಬಿಟ್ಟಿದ್ದಳು.

"ನೀ ಯಾಕೆ ಹೋಗ್ಲಿಲ್ಲ ಅಕ್ಕ?"

"ನೀ ಯಾಕೆ ಹೋಗ್ಲಿಲ್ಲ ತಂಗಿ?"

ಅತ್ತುಕೊಂಡೇ ಎಲ್ಲ ಹೇಳಿದೆ. ಕೇಳಿ ಮುಗಿಸಿ, "ಏಳು, ಬಸ್ಸಿಗೆ ಹೋಗ್ವ" ಅಂದಳು. ಹೆದ್ದಾರಿಯವರೆಗೆ ನಡೆದು ಬಸ್ಸು ಹಿಡಿದೆವು. ಕಚೇರಿಯ ಮೆಟ್ಟಿಲವರೆಗೂ ಬಂದಳು.

"ಒಳಗೆ ಹೋಗು. ನಾ ಇಲ್ಲೇ ಕೂತಿರ್ತೆ. ಹೆದರಿಕೆ ಆದ್ರೆ ಬಂದು ನನ್ನ ಮೋರೆ ನೋಡಿ ಹೋಗು."

ಎರಡು ಸಲ ಬಂದು ನೋಡಿದೆ. ಕೂತೇ ಇದ್ದಳು. ಮೂರನೆಯ ಸಲ ಊಟದ ಹೊತ್ತು. ಅಷ್ಟರಲ್ಲಿ ದೇವಸ್ಥಾನದ ಬಾಗಿಲು ಹಾಕಿಯಾಗಿತ್ತು. ಬುಟ್ಟಿಯ ಮಲ್ಲಿಗೆ ಕಂದಿ ಕೆಂಪಾಗಿತ್ತು. ಒಂದು ಮಾಲೆಯೂ ಕಡಿಮೆಯಾಗಿರಲಿಲ್ಲ.

"ಇನ್ನು ನೀ ಹೆದರೂದಿಲ್ಲ" ಎಂದು ಸೀರೆ ಕೊಡವಿಕೊಂಡು ಎದ್ದು ಹೋದಳು.

ಆ ನೌಕರಿಯಲ್ಲೇ ಮಗಳು ಓದಿದಳು, ನಾವು ಹಬ್ಬುವಾಡಕ್ಕೆ ಬಂದೆವು. ಆ ಕಡೆ ಹೋಗುವುದು ಕಡಿಮೆಯಾಯಿತು, ಆಮೇಲೆ ನಿಂತೇಹೋಯಿತು...

ಮಲ್ಲಿಗೆ ಬಂದ ಮರುದಿನವೇ ಹೊರಟೆ. ಸ್ಟೇಶನ್ನಿನಲ್ಲಿಳಿದು ಮನೆ ಕೇಳಿಕೊಂಡು ಹೋದೆ. ಹೂವಿನಕ್ಕ ಕಳೆದ ಮಳೆಗಾಲದಲ್ಲಿ ತೀರಿಕೊಂಡಿದ್ದಳು. ಸೊಸೆ ಚಾಪೆ ಹಾಸಿದಳು. ನಾನು ಯಾರೆಂದು ಹೇಳಿದೊಡನೆ ಅವಳ ಮುಖ ಅರಳಿತು.

"ಆಫೀಸಿನ ತಂಗಿ ಅಂದ್ರೆ ನೀವೇಯಾ! ಅತ್ತೆ ಯಾವಾಗ್ಲೂ ಹೇಳ್ತಿದ್ರು. ನಿಮ್ಮ ಆಫೀಸಿನ ಮೆಟ್ಲ ಮೇಲೆ ಕೂತ ದಿನ ಹೂವೆಲ್ಲ ಅಲ್ಲೇ ಖಾಲಿ ಆಯ್ತಂತೆ. ನಿಮ್ಮಿಂದ ಒಳ್ಳೇದಾಯ್ತಂತೆ."

ಹಾಗಲ್ಲ, ಒಂದು ಮಾಲೆಯೂ ಮಾರಿರಲಿಲ್ಲ, ಅವಳಿಂದ ಒಳ್ಳೆಯದಾದದ್ದು ನನಗೆ ಎಂದೆ. ಆ ದಿನ ನಡೆದದ್ದನ್ನೆಲ್ಲ ಚಾಪೆಯ ಮೇಲೆ ಕೂತು ಸೊಸೆಗೆ ಹೇಳಿದೆ, ಒಂದೂ ಬಿಡದೆ. ಅವಳು ಕಣ್ಣೊರೆಸಿಕೊಂಡಳು. ಹೂವಿನಕ್ಕನಿಗೇ ಹೇಳಬೇಕಾಗಿದ್ದ ಮಾತು ಅದು. ನಾನು ಬರುವುದು ತಡವಾಯಿತು.