ಬೀಕರಿನಲ್ಲಿ ಉಳಿದ ಆಮ್ಲ

ಇದ್ದಿಲ ಒಲೆ ಹೊತ್ತಿಸುವುದು. ಇಳಿಜಾರಿನ ಕೆಳಗಿನ ನಲ್ಲಿಯಿಂದ ಎರಡು ಕ್ಯಾನು ನೀರು. ಮಗು ಹಾಸಿಗೆ ಒದ್ದೆ ಮಾಡಿದ್ದರೆ ಮೂರು. ರಾಗಿ ಗಂಜಿ ಕಾಯಿಸುವುದು. ಅದು ಆರುವಷ್ಟರಲ್ಲಿ ಮಾವನ ಅಂಗಿಗೆ ಕೆಂಡದ ಇಸ್ತ್ರಿ. ಮಟೋಕೆ ಬಾಳೆಕಾಯಿ ಸುಲಿದು ಎಲೆಯಲ್ಲಿ ಸುತ್ತಿಡುವುದು, ಸಂಜೆಯ ಹುರುಳಿಕಾಯಿ ಬೀಜ ನೆನೆಹಾಕುವುದು, ಅಂಗಳ ಗುಡಿಸುವುದು, ಚಿಕ್ಕವರಿಬ್ಬರನ್ನು ಎಬ್ಬಿಸಿ ಮುಖ ತೊಳೆಸುವುದು. ಇಷ್ಟಾದರೂ ಗುಡ್ಡದ ಪಟ್ಟಣವಾದ ಫೋರ್ಟ್ ಪೋರ್ಟಲ್‌ನಲ್ಲಿ ಇನ್ನೂ ಬೆಳಕು ಹರಿದಿರುತ್ತಿರಲಿಲ್ಲ.

ಕಬಹೆಂಡಾ ಸೋದರತ್ತೆಯ ಮನೆಗೆ ಬಂದು ಎರಡು ವರ್ಷವಾಗಿತ್ತು. ಹತ್ತೊಂಬತ್ತರ ಹುಡುಗಿ, ಹೈಸ್ಕೂಲಿನ ಕಟ್ಟಕಡೆಯ ವರ್ಷ, ವಿಷಯ ರಸಾಯನಶಾಸ್ತ್ರ. ಮನೆಯಲ್ಲಿ ಯಾರೂ ಅವಳ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಆ ಸೀಮೆಯಲ್ಲಿ ಎಲ್ಲರಿಗೂ ಇರುವಂತೆ ಅವಳಿಗೂ ಒಂದು ಅಕ್ಕರೆಯ ಹೆಸರಿತ್ತು, ಅತ್ವೋಕಿ. "ಅತ್ವೋಕಿ, ನೀರು." "ಅತ್ವೋಕಿ, ಮಗು ಎತ್ಕೋ." ಬೇಸರವಾಗುತ್ತದೆಯೇ ಎಂದು ಯಾರಾದರೂ ಕೇಳಿದ್ದರೆ ಅವಳು ಸ್ವಲ್ಪ ಹೊತ್ತು ಯೋಚಿಸಬೇಕಾಗುತ್ತಿತ್ತು. ಯಾರೂ ಕೇಳಿರಲಿಲ್ಲ.

ಅತ್ತೆ ಕೆಟ್ಟವಳಲ್ಲ. ದಿನವಿಡೀ ಬೆನ್ನಿಗೆ ಮಗು ಕಟ್ಟಿಕೊಂಡು ಮಾರುಕಟ್ಟೆಯಲ್ಲಿ ಒಣಮೀನು ಮಾರಿ, ಸೊಂಟ ಹಿಡಿದುಕೊಂಡು ಮನೆಗೆ ಬರುತ್ತಿದ್ದಳು. ಅಷ್ಟರಲ್ಲಿ ಅಡಿಗೆ ಆಗಿರದಿದ್ದರೆ ಮಾವನ ಮಾತು ಬೀಳುತ್ತಿದ್ದುದು ಅತ್ತೆಯ ಮೇಲೆ. ಹೋದ ವಾರ ಕಬಹೆಂಡಾ ತಡವಾಗಿ ಬಂದಾಗ ಅತ್ತೆ ಕೂಗಾಡಲಿಲ್ಲ. ಒಲೆ ಊದುತ್ತಲೇ ಹೇಳಿದಳು:

"ಇನ್ನೊಂದು ಸಲ ಆರು ಗಂಟೆ ದಾಟಿತು ಅಂದ್ರೆ ಮಾರನೇ ದಿನ ಬೆಳಿಗ್ಗೆ ಬಸ್ ಹತ್ತಿಸಿ ನಿಮ್ಮಮ್ಮನ ಹತ್ರ ಕಳಿಸ್ತೀನಿ. ನಿಮ್ಮ ಮಾವನ ಬಾಯಿಗೆ ಸಿಕ್ಕೋಕೆ ನನ್ನ ಕೈಲಿ ಆಗಲ್ಲ ತಾಯಿ."

"ಪರೀಕ್ಷೆಗೆ ಮೂರೇ ವಾರ ಇರೋದು, ಅತ್ತೆ."

"ಹಸಿವಿಗೆ ಪರೀಕ್ಷೆ ಗೊತ್ತಾಗಲ್ಲ."

ಅಮ್ಮನ ಊರಿಂದ ಈ ಶಾಲೆಗೆ ದಿನಾ ಬರಲು ಸಾಧ್ಯವಿರಲಿಲ್ಲ. ಅಲ್ಲಿಗೆ ಹೋದರೆ ಪರೀಕ್ಷೆಯೂ ಇಲ್ಲ.

ಆ ಗುರುವಾರ ಪ್ರಯೋಗದ ತರಗತಿಯಿತ್ತು. ಹದಿನಾರು ಮಂದಿಗೆ ನಾಲ್ಕು ಬ್ಯೂರೆಟ್, ಬುಡದಲ್ಲಿ ನಲ್ಲಿಯಿರುವ ಅಳತೆಯ ಗಾಜಿನ ಕೊಳವೆ. ಇದ್ದವರೇ ನಾಲ್ವರು ಹುಡುಗಿಯರು. ಒಂದೊಂದು ಗುಂಪಿಗೆ ಒಬ್ಬೊಬ್ಬಳನ್ನು ಮೇಷ್ಟ್ರು ಹಂಚಿದ್ದರು, ಅಕ್ಷರ ದುಂಡಗಿರುತ್ತದೆಂದು. ಕಬಹೆಂಡಾಳ ಗುಂಪಿನಲ್ಲಿ ಬ್ಯೂರೆಟ್ ಯಾವಾಗಲೂ ಇರುಂಬಾನ ಕೈಯಲ್ಲಿ. ಅವನು ನಲ್ಲಿ ತಿರುಗಿಸಿ ಆಮ್ಲ ಬಿಡುತ್ತಿದ್ದ, ಇನ್ನೊಬ್ಬ ಫ್ಲಾಸ್ಕ್ ಅಲುಗಿಸುತ್ತಿದ್ದ, ಮತ್ತೊಬ್ಬ ಅಳತೆ ಕೂಗುತ್ತಿದ್ದ. ಅವಳು ಬರೆದುಕೊಳ್ಳುತ್ತಿದ್ದಳು.

"ಸಾರ್, ಈ ಸಲ ನಾನು ಬಿಡ್ಲಾ?"

"ಟೈಮಿಲ್ಲಮ್ಮ, ಬರ್ಕೋ."

"ನೀನು ಮುಟ್ಟಿದ್ರೆ ಬ್ಯೂರೆಟ್‌ಗೂ ಬಾಳೆಕಾಯಿ ಅಂಟು ಹತ್ಕೊಳುತ್ತೆ," ಎಂದ ಇರುಂಬಾ. ಅವಳ ಬೆರಳುಗಳು ಕಪ್ಪಾಗಿದ್ದವು ನಿಜ. "ನಲ್ಲಿ ತಿರುಗಿಸೋದೇನು ದೊಡ್ಡ ವಿದ್ಯೆನಾ? ದಿನಾ ನಲ್ಲಿ ಹತ್ರಾನೇ ತಾನೇ ನಿನ್ನ ಸಂಸಾರ!"

ಹುಡುಗರು ನಕ್ಕರು. ಅವಳು ತಲೆಯೆತ್ತದೆ ಗೆರೆ ಎಳೆದಳು. ಪರೀಕ್ಷೆಯಲ್ಲಿ ಒಬ್ಬೊಬ್ಬರಿಗೂ ಒಂದೊಂದು ಬ್ಯೂರೆಟ್, ಯಾರೂ ಯಾರಿಗೂ ಹೇಳಿಕೊಡುವಂತಿಲ್ಲ. ಎರಡು ವರ್ಷದಲ್ಲಿ ಅವಳು ಅದನ್ನು ತೊಳೆಯಲು ಮಾತ್ರ ಮುಟ್ಟಿದ್ದಳು.

ನಾಲ್ಕೂವರೆಗೆ ಗಂಟೆ ಹೊಡೆಯಿತು. "ಹುಡುಗೀರು ತೊಳೆದ್ರೇನೇ ಗಾಜು ಗಾಜಿನ ಹಾಗಿರುತ್ತೆ," ಎಂದು ಮೇಷ್ಟ್ರು ಕೀಲಿಯನ್ನು ಮೇಜಿನ ಮೇಲಿಟ್ಟರು. "ಕಾವಲುಗಾರನ ಕೈಗೆ ಕೊಟ್ಟು ಹೋಗು." ಇಂದು ಸರದಿ ಅವಳದು. ಉಳಿದ ಮೂವರು ಹುಡುಗಿಯರೂ ಹೊರಟುಹೋದರು.

ಹದಿನಾರು ಫ್ಲಾಸ್ಕ್ ತೊಳೆದಳು. ನೀರು ತಣ್ಣಗಿತ್ತು; ಬೆರಳಿಗೆ ಅದು ತಿಳಿಯುವುದು ನಿಂತುಹೋಗಿತ್ತು. ಕೊನೆಗೆ ಎರಡು ಬೀಕರ್ ಉಳಿದವು, ಒಂದರಲ್ಲಿ ಆಮ್ಲ, ಇನ್ನೊಂದರಲ್ಲಿ ಕ್ಷಾರ. ಸರದಿ ಬಂದಾಗಲೆಲ್ಲ ಅವನ್ನು ಸಿಂಕಿಗೆ ಸುರಿಯುತ್ತಿದ್ದಳು.

ಇವತ್ತು ಸುರಿಯಲಿಲ್ಲ. ಬ್ಯೂರೆಟ್‌ಗೆ ಆಮ್ಲ ತುಂಬಿದಳು. ಪಿಪೆಟ್ಟಿನಲ್ಲಿ ಕ್ಷಾರ ಹೀರಿ ಫ್ಲಾಸ್ಕಿಗೆ ಬಿಟ್ಟು, ಸೂಚಕದ ಎರಡು ಹನಿ ಹಾಕಿದಳು. ಫ್ಲಾಸ್ಕ್ ಗುಲಾಬಿಯಾಯಿತು; ಆ ಬಣ್ಣ ಹೋಗುವ ಹನಿಗೇ ಆಮ್ಲ ನಿಲ್ಲಿಸಬೇಕು. ಎಡಗೈಯಿಂದ ನಲ್ಲಿ ತಿರುಗಿಸಿದಳು. ಅದು ಅವಳೆಣಿಸಿದ್ದಕ್ಕಿಂತ ಸಡಿಲವಾಗಿತ್ತು. ಆಮ್ಲ ಧಾರೆಯಾಗಿ ಇಳಿಯಿತು; ಬಣ್ಣ ಒಮ್ಮೆಲೇ ಹೋಯಿತು. ಎಷ್ಟು ಹೆಚ್ಚಾಯಿತೆಂದು ತಿಳಿಯುವಂತಿರಲಿಲ್ಲ, ಬಣ್ಣ ಹೋದದ್ದು ಹೋದಂತೆಯೇ ಇರುತ್ತದೆ. ಅಳತೆ ಇಪ್ಪತ್ತಾರೂವರೆ ಮಿಲಿಲೀಟರ್.

ಎರಡನೆಯ ಸಲ ನಲ್ಲಿಯನ್ನು ಬೆರಳ ತುದಿಯಲ್ಲಿ ಹಿಡಿದಳು. ಕಡೆಯಲ್ಲಿ ಹನಿ ಹನಿಯಾಗಿ ಬಿಟ್ಟಳು. ಒಂದು ಹನಿಗೆ ಗುಲಾಬಿ ಮಾಸಿತು, ಇನ್ನೊಂದಕ್ಕೆ ಇಲ್ಲವಾಯಿತು. ಇಪ್ಪತ್ತಮೂರು ಬಿಂದು ಎಂಟು. ಸಂತೋಷವೇನೂ ಆಗಲಿಲ್ಲ. ಬರೆದಳು, ಅಷ್ಟೇ.

ಒಂದೇ ಅಳತೆ ಒಪ್ಪುವಂಥದಲ್ಲ. ಅದರ ಪಕ್ಕಕ್ಕೆ ಬಂದು ಕೂರುವ ಇನ್ನೊಂದು ಬೇಕು. ಸೊನ್ನೆ ಬಿಂದು ಒಂದಕ್ಕಿಂತ ಹೆಚ್ಚು ವ್ಯತ್ಯಾಸ ಇರಬಾರದು. ಕೈ ಕಲಿತಿದೆಯೋ, ಅದೃಷ್ಟ ಒದಗಿತೋ ಎಂಬುದು ಆಮೇಲೆಯೇ ಗೊತ್ತಾಗುವುದು.

ಗೋಡೆಯ ಗಡಿಯಾರದಲ್ಲಿ ಐದೂಕಾಲು. ನಡಿಗೆ ನಲವತ್ತು ನಿಮಿಷ. ಈಗಲೇ ಬಾಗಿಲು ಹಾಕಿ ಬಿರಬಿರನೆ ನಡೆದರೆ ಅತ್ತೆಗಿಂತ ಮುಂಚೆ ಒಲೆ ಹೊತ್ತಿಸಬಹುದು. ಮೂರನೆಯದಕ್ಕೆ ನಿಂತರೆ ಆಗದು. ನಾಳೆ ಬೆಳಿಗ್ಗೆಯ ಬಸ್ಸಿನ ಬಗ್ಗೆ ಅತ್ತೆ ಸುಮ್ಮನೆ ಹೇಳಿದಳೋ, ನಿಜವಾಗಿಯೋ, ಅವಳಿಗೆ ತಿಳಿಯದು. ಅತ್ತೆ ಸುಮ್ಮನೆ ಮಾತಾಡಿದ್ದನ್ನು ಅವಳು ಕೇಳಿರಲಿಲ್ಲ.

ಬೀಕರಿನಲ್ಲಿ ಇನ್ನೂ ಎರಡು ಸಲಕ್ಕಾಗುವಷ್ಟು ಆಮ್ಲವಿತ್ತು.

ಅವಳು ಒಳಗಿನಿಂದ ಬಾಗಿಲ ಚಿಲಕ ಹಾಕಿ, ಬ್ಯೂರೆಟ್ಟನ್ನು ಸೊನ್ನೆಯವರೆಗೆ ತುಂಬಿದಳು.