ಸೂಜಿಯಕ್ಕನ ಅಂಗಡಿಯಲ್ಲಿ ಶುಕ್ರಗ್ರಹ

ವಾರವಿಡೀ ಆ ಅಂಗಡಿಯಲ್ಲಿ ಸೋಫಾಗಳ ಹೊಟ್ಟೆ ಬಗೆಯುವ ಕೆಲಸ. ಭಾನುವಾರ ಮಧ್ಯಾಹ್ನ ಮಾತ್ರ ಅಲ್ಲಿ ಲೋಕಗಳು ನಾಶವಾಗುತ್ತಿದ್ದವು. ಊಟ ಮುಗಿಸಿ, ಷಟರ್ ಅರ್ಧಕ್ಕೆಳೆದು, ಸೋಫಾದ ತಳಕ್ಕೆ ಹೊಡೆಯುವ ಬಿಳಿ ಬಟ್ಟೆಯನ್ನು ಗೋಡೆಗೆ ಬಿಗಿದು ಪ್ರೊಜೆಕ್ಟರ್ ಹಾಕಿದರೆ ಸಾಕು, ತಗಡಿನ ತಟ್ಟೆಗಳು ಆಕಾಶದಿಂದ ಇಳಿಯುತ್ತಿದ್ದವು, ರಬ್ಬರಿನ ಹಲ್ಲಿಗಳು ರಟ್ಟಿನ ನಗರಗಳನ್ನು ತುಳಿಯುತ್ತಿದ್ದವು. ರಿಪೇರಿಗೆ ಬಂದ ಸೋಫಾಗಳಲ್ಲಿ ಸ್ಪ್ರಿಂಗ್ ಚುಚ್ಚದ ಜಾಗ ಹುಡುಕಿ ಕೂತ ಮಂಡಳಿ ಹೊಟ್ಟೆ ಹಿಡಿದುಕೊಂಡು ನಗುತ್ತಿತ್ತು.

ಮಂಡಳಿಯ ಪೀಠಾಧಿಪತಿ ಅಂಗಡಿಯ ಒಡತಿಯೇ. ಊರಿಗೆಲ್ಲ ಅವಳು ಸೂಜಿಯಕ್ಕ. ಕುಶನ್ ಹೊಲಿಯುವ ಬಾಗಿದ ಸೂಜಿಯನ್ನು ಸದಾ ಸೆರಗಿಗೆ ಸಿಕ್ಕಿಸಿಕೊಂಡಿರುತ್ತಿದ್ದುದರಿಂದ ಆ ಹೆಸರು ಬಂತೆಂದು ಅವಳ ವಾದ. ಅವಳ ಮಾತು ಕೇಳಿದವರು ಬೇರೆ ಕಾರಣ ಕೊಡುತ್ತಿದ್ದರು. ಕಾಸಿಲ್ಲದೆ ತೆಗೆದ ವೈಜ್ಞಾನಿಕ ಸಿನಿಮಾ ಎಂದರೆ ಅವಳಿಗೆ ಜೀವ. ಹಣ ಸುರಿದು ತೆಗೆದದ್ದನ್ನು ಅವಳು ಮೂಸಿಯೂ ನೋಡುತ್ತಿರಲಿಲ್ಲ. ಅಂಥದ್ದರ ಮುಂದೆ ಬಾಯಿ ಕಳೆದುಕೊಂಡು ಕೂರುವುದು ಬಿಟ್ಟರೆ ನೋಡುವವರಿಗೆ ಬೇರೆ ಕೆಲಸವೇ ಇರುವುದಿಲ್ಲ ಎಂಬುದು ಅವಳ ದೂರು. ಈ ಬಡ ಸಿನಿಮಾಗಳಲ್ಲಾದರೆ ರಾಕ್ಷಸನ ಬೆನ್ನಿನಲ್ಲೇ ಜಿಪ್ ಕಾಣುತ್ತದೆ. ಆ ಜಿಪ್ಪೇ ಬಾಗಿಲು. ಅದನ್ನು ಎಳೆದುಕೊಂಡು ಒಳಗೆ ಹೋಗಿಬಿಡಬಹುದು. ಹೋಗಿ ನೋಡಿದರೆ ಅಲ್ಲಿ ಬೆವರು ಸುರಿಸುತ್ತ, ಇದೆಲ್ಲ ನಿಜವೆಂದು ನಂಬಿ ನಿಂತ ಒಬ್ಬ ಮನುಷ್ಯ ಇರುತ್ತಾನೆ. ಅಡುಗೆಮನೆಯ ಪಾತ್ರೆ ಬೋರಲು ಹಾಕಿ ಇದೇ ಗ್ರಹ ಎಂದು ಲೋಕದೆದುರು ಹೇಳಲು ಎಷ್ಟು ದೊಡ್ಡ ಗುಂಡಿಗೆ ಬೇಕು ಎಂದು ಯೋಚಿಸಿದಾಗ ಸೂಜಿಯಕ್ಕನಿಗೆ ಮೈ ಜುಮ್ಮೆನ್ನುತ್ತಿತ್ತು. ಆ ಜುಮ್ಮು ಇಳಿಯುವ ಮೊದಲೇ ಅವಳು ಆ ಪಾತ್ರೆಯ ತಳ ಸೀದಿದೆ ಎಂದು ಎತ್ತಿ ಆಡುತ್ತಿದ್ದಳು.

ಮಂಡಳಿಯಲ್ಲಿ ಇನ್ನು ಮೂವರು. ನಿವೃತ್ತ ವಿಜ್ಞಾನದ ಮೇಷ್ಟ್ರು ಭೌತಶಾಸ್ತ್ರದ ಪರವಾಗಿ ನೊಂದುಕೊಳ್ಳಲು ಬರುತ್ತಿದ್ದರು. ಗಾಳಿಯಿಲ್ಲದ ಚಂದ್ರನ ಮೇಲೆ ಧ್ವಜ ಪಟಪಟಿಸಿದರೆ ಅವರು ಹಣೆ ಹಿಡಿದುಕೊಂಡು ನರಳುತ್ತಿದ್ದರು, ಆಮೇಲೆ ಆ ದೃಶ್ಯವನ್ನು ಇನ್ನೊಮ್ಮೆ ಹಾಕಿಸುತ್ತಿದ್ದರು. ಬಸ್ ಕಂಡಕ್ಟರನಿಗೆ ಕೂತು ಅಭ್ಯಾಸವಿರಲಿಲ್ಲ. ಹಿಂದೆ ನಿಂತೇ ನೋಡುತ್ತಿದ್ದ, ಅನ್ಯಗ್ರಹದವರು ಗುಂಪಾಗಿ ನುಗ್ಗಿದಾಗ ಒಳಗೆ ಜಾಗ ಇದೆ, ಮುಂದೆ ಹೋಗಿ ಎನ್ನುತ್ತಿದ್ದ. ಮೂರನೆಯವನು ಸೂಜಿಯಕ್ಕನ ಗಂಡ, ಸೋಫಾದ ಚೌಕಟ್ಟು ಮಾಡುವ ಬಡಗಿ. ಶೀರ್ಷಿಕೆ ಬರುವಷ್ಟರಲ್ಲಿ ಅವನಿಗೆ ನಿದ್ದೆ. ಆಕಾಶನೌಕೆ ಕಂಡಾಗ ಮಾತ್ರ ಯಾವ ಮಾಯೆಯಿಂದಲೋ ಕಣ್ಣು ತೆರೆದು "ಪ್ಲೈವುಡ್ಡು" ಎಂದು ತೀರ್ಪು ಕೊಟ್ಟು ಮತ್ತೆ ಮಲಗುತ್ತಿದ್ದ. ಎಷ್ಟೇ ಆಡಿಕೊಳ್ಳಿ, ಕಡೆಯ ಹೆಸರು ತೆರೆಯ ಮೇಲೆ ಬರುವವರೆಗೆ ಯಾರೂ ಎದ್ದು ಹೋಗುವಂತಿಲ್ಲ ಎಂಬುದೊಂದೇ ಅಲ್ಲಿನ ಕಟ್ಟಳೆ.

ಒಂದು ದಿನ ಈ ಅಂಗಡಿಗೆ ಸೂಜಿಯಕ್ಕನ ಸೋದರಮಾವ ಬಂದರು. ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದವರು. ಅಪ್ಪನಿಲ್ಲದ ಅವಳನ್ನು ಸಾಕಿ ಬೆಳೆಸಿದವರು. ಅವಳು ಮಗುವಾಗಿದ್ದಾಗ ಅತ್ತರೆ ಮಿಠಾಯಿ ಕೊಡುವ ಬದಲು ಕನ್ನಡಕದ ಒಂದು ಗಾಜಿನ ಬಿಲ್ಲೆ ಕೊಟ್ಟು ಅದರ ಮೂಲಕ ದೀಪ ತೋರಿಸುತ್ತಿದ್ದರು. ಪ್ರಾಯದಲ್ಲಿ ಅವರೊಂದು ಸಿನಿಮಾ ತೆಗೆದಿದ್ದರೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅದರ ಮಾತು ಎತ್ತಬಾರದೆಂದೂ ಗೊತ್ತಿತ್ತು. ಒಂದೇ ಒಂದು ಪ್ರದರ್ಶನ ಕಂಡ ಚಿತ್ರ ಅದು. ಆಮೇಲೆ ಮಾವ ಯಾವ ಚಿತ್ರಮಂದಿರದ ಮೆಟ್ಟಿಲನ್ನೂ ಹತ್ತಿರಲಿಲ್ಲ.

ಅಂಥ ಮಾವ ಈಗ ಕನ್ನಡಕದ ಡಬ್ಬಿ ತೆರೆದು, ಅದರೊಳಗಿನ ವಸ್ತ್ರದಲ್ಲಿ ಸುತ್ತಿದ್ದ ಪೆನ್‌ಡ್ರೈವನ್ನು ಮೇಜಿನ ಮೇಲಿಟ್ಟರು. ಹಳೇ ರೀಲನ್ನು ಸ್ಟುಡಿಯೋದವರ ಕೈಲಿ ಇದಕ್ಕೆ ಹಾಕಿಸಿದ್ದರಂತೆ.

"ಭಾನುವಾರ ಜಾಗ ಇದ್ರೆ ಇದನ್ನ ಹಾಕು," ಎಂದರು. "ನಾನೂ ಬರ್ತೀನಿ."

ಇಷ್ಟು ಹೇಳಿ, ಹರಿದ ಕುಶನ್ ಒಂದನ್ನು ವಿನಾಕಾರಣ ತಟ್ಟಿ, ಹೊರಟುಹೋದರು.

ಅಂದಿನಿಂದ ಅವಳಿಗೆ ಕೈಗೆತ್ತಿಕೊಂಡ ಕೆಲಸ ಹತ್ತಲಿಲ್ಲ. ತನ್ನ ನಾಲಿಗೆ ಎಂಥದ್ದೆಂದು ಅವಳಿಗೆ ತಿಳಿಯದೇನಲ್ಲ. ಒಮ್ಮೆ ಸಡಿಲಬಿಟ್ಟರೆ ಅದು ಮಾವ ಯಾರು, ಅತ್ತೆ ಯಾರು ಎಂದು ನೋಡುವ ಪೈಕಿಯಲ್ಲ. ತನ್ನನ್ನು ಎತ್ತಿ ಆಡಿಸಿದವರ ವರ್ಷಗಳ ಗಾಯಕ್ಕೆ ತಾನೇ ಸೂಜಿ ಚುಚ್ಚುವುದೆ? ಭಾನುವಾರ ಮಂಡಳಿಯನ್ನು ಬೇಗನೆ ಕರೆಸಿ ಆಜ್ಞೆ ಹೊರಡಿಸಿದಳು: ಇವತ್ತು ಯಾರೂ ಪಿಟಕ್ಕೆನ್ನುವಂತಿಲ್ಲ. ಗೌರವದಿಂದ ನೋಡಬೇಕು.

ಮೇಷ್ಟ್ರು ಕಳವಳಗೊಂಡರು. "ನಿರ್ವಾತದಲ್ಲಿ ಬಾಂಬು ಸದ್ದು ಮಾಡಿದ್ರೆ?"

"ಮಾಡ್ಲಿ ಮೇಷ್ಟ್ರೇ. ನೀವು ಮಾಡಬೇಡಿ."

ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದರು. ಅವರಿಗೆಂದೇ ಹೊಸ ರೆಕ್ಸಿನ್ ಹಾಕಿದ್ದ ಒಂಟಿ ಕುರ್ಚಿಯಲ್ಲಿ ತುದಿಗೆ ಕೂತರು. ಚಿತ್ರ ಶುರುವಾಯಿತು.

ಅಯ್ಯೋ, ಏನೆಂದು ವರ್ಣಿಸುವುದು ಆ ವೈಭವವನ್ನು. ನೀರಿನ ಫಿಲ್ಟರಿನ ಬತ್ತಿಯಂಥ ರಾಕೆಟ್ಟು ಹಗ್ಗ ಹಿಡಿದುಕೊಂಡು ಆಕಾಶಕ್ಕೇರಿತು. ನಿಯಂತ್ರಣ ಕೊಠಡಿಯಲ್ಲಿ ಹೊಲಿಗೆ ಯಂತ್ರದ ಚಕ್ರವನ್ನು ತಿರುಗಿಸುತ್ತ ಮೂವರು ವಿಜ್ಞಾನಿಗಳು ಗಂಭೀರವಾಗಿ ತಲೆಯಾಡಿಸಿದರು. ನೌಕೆ ಶುಕ್ರಗ್ರಹದಲ್ಲಿ ಇಳಿಯಿತು. ಶುಕ್ರಗ್ರಹ ನೋಡಲು ಥೇಟ್ ಜಲ್ಲಿಯ ಕ್ವಾರಿಯ ಹಾಗೆಯೇ ಇತ್ತು. ಹವಾಯಿ ಚಪ್ಪಲಿ ಮೆಟ್ಟಿದ ನಾಯಕ ಮನುಕುಲದ ಪರವಾಗಿ ಮೊದಲ ಹೆಜ್ಜೆ ಇಟ್ಟ. ಆಗ ಚೌಕಟ್ಟಿನ ಎಡಗಡೆಯಿಂದ ಒಂದು ಬೀದಿನಾಯಿ ಬಾಲ ಅಲ್ಲಾಡಿಸುತ್ತ ಬಂದು ಅವನನ್ನು ಮೂಸಿತು. ಏನು ಮಾಡಬೇಕೆಂದು ತೋಚದ ನಾಯಕ ನಾಯಿಗೆ ಸೆಲ್ಯೂಟ್ ಹೊಡೆದ.

ಕಂಡಕ್ಟರ್ ಕರ್ಚೀಫನ್ನು ಬಾಯಿಗೆ ತುರುಕಿಕೊಂಡ. ಮೇಷ್ಟ್ರು ಕಣ್ಣು ಮುಚ್ಚಿ ಎದೆ ನೀವಿಕೊಂಡರು. ಸೂಜಿಯಕ್ಕ ಸೀರೆಯ ಅಂಚನ್ನು ಕಚ್ಚಿ ಹಿಡಿದಳು. ನಾಲಿಗೆಯ ತುದಿಗೆ ಬಂದ ಮಾತುಗಳನ್ನು ಒಂದೊಂದಾಗಿ ನುಂಗಿ ಅವಳಿಗೆ ಹೊಟ್ಟೆಯುಬ್ಬರ ಬಂದಂತಾಗಿತ್ತು. ನೌಕೆ ಕಂಡು ಕಣ್ಣು ತೆರೆದ ಬಡಗಿಯೂ ಆಜ್ಞೆ ನೆನೆದು ಬಾಯಿ ಬಿಡದೆ ಮತ್ತೆ ಮಲಗಿದ. ಸಾವಿನ ಮನೆಯಲ್ಲಿ ಕೂತವರೂ ಅಷ್ಟು ಶಿಸ್ತಾಗಿ ಇರುವುದಿಲ್ಲ.

ಮಾವ ಕತ್ತಲಲ್ಲಿ ಒಮ್ಮೆ ಎಡಕ್ಕೆ ನೋಡಿದರು, ಒಮ್ಮೆ ಬಲಕ್ಕೆ. ಭುಜ ಇಳಿಬಿದ್ದವು. ಆಮೇಲೆ ಮೆಲ್ಲಗೆ ಎದ್ದು ನಿಂತರು.

"ಸಾಕಮ್ಮ, ನಿಲ್ಲಿಸಿಬಿಡು."

"ಯಾಕೆ ಮಾವ? ಚೆನ್ನಾಗಿದೆಯಲ್ಲ," ಎಂದಳು ಅವಳು. ಜೀವಮಾನದಲ್ಲಿ ಅಷ್ಟು ಸಪ್ಪೆ ಸುಳ್ಳನ್ನು ಅವಳು ಹೇಳಿರಲಿಲ್ಲ.

"ಅವತ್ತೂ ಹೀಗೇ ಆಗಿದ್ದು," ಎಂದರು ಮಾವ. "ಕೂಗಿದ್ರೆ, ಕಲ್ಲು ಹೊಡೆದಿದ್ರೆ ಪರವಾಗಿರಲಿಲ್ಲ ಕಣೇ. ಯಾರೂ ಏನೂ ಅನ್ನಲಿಲ್ಲ. ಒಬ್ಬೊಬ್ಬರಾಗಿ ಎದ್ದು ಹೋದ್ರು. ಚಪ್ಪಲಿ ಸದ್ದು ಕೂಡ ಆಗದ ಹಾಗೆ ಹೋದ್ರು. ನಿಮ್ಮಲ್ಲಿ ಎಲ್ಲಾದಕ್ಕೂ ಮಾತಾಡ್ತಾರೆ ಅಂತ ಕೇಳಿದ್ದೆ. ಮಾತಿಗೂ ಬರದಷ್ಟು ಕೆಟ್ಟದಾಗಿದೆ ಅಂತಾಯ್ತು."

ಷಟರಿನ ಕಡೆಗೆ ಅವರು ಹೆಜ್ಜೆ ಹಾಕಿದ್ದನ್ನು ನೋಡಿದಾಗ ಸೂಜಿಯಕ್ಕನಿಗೆ ತನ್ನ ಗೌರವ ಎಂಥ ಪಾಪದ ಕೆಲಸ ಮಾಡಿತೆಂದು ಹೊಳೆಯಿತು. ಬಾಯೊಳಗಿನ ಸೀರೆಯ ಅಂಚನ್ನು ಉಗುಳಿದಳು.

"ಮಾವ, ಆ ನಾಯಿ ಯಾರ ಕಡೆಯದು? ಇಡೀ ಸಿನಿಮಾದಲ್ಲಿ ನಟನೆ ಬರೋದು ಅದಕ್ಕೊಂದಕ್ಕೇ."

ಮಾವ ನಿಂತರು. ತಿರುಗಿ ಅವಳನ್ನು ನೋಡಿದರು. ಮುಖದಲ್ಲಿ ಏನಿದೆಯೆಂದು ಆ ಬೆಳಕಿನಲ್ಲಿ ಕಾಣುತ್ತಿರಲಿಲ್ಲ.

"ಅದು ನಮ್ಮದಲ್ಲ, ಕ್ವಾರಿಯವರದು," ಎಂದರು ಕೊನೆಗೆ. "ಕರೆದಾಗ ಬರ್ತಿರಲಿಲ್ಲ. ಕ್ಯಾಮೆರಾ ಓಡಿತು ಅಂದ್ರೆ ಎಲ್ಲಿದ್ರೂ ಬಂದುಬಿಡೋದು."

"ಕಲಾವಿದ ಅಂದ್ರೆ ಹಾಗಿರಬೇಕು," ಎಂದ ಕಂಡಕ್ಟರ್, ಕರ್ಚೀಫು ಕೈಗೆ ತಗೊಂಡು.

ಅಲ್ಲಿಗೆ ಕಟ್ಟೆ ಒಡೆಯಿತು. ಮೇಷ್ಟ್ರು ಅಷ್ಟು ಹೊತ್ತು ತಡೆದಿಟ್ಟಿದ್ದ ನರಳಿಕೆಗಳನ್ನೆಲ್ಲ ಸಾಲಾಗಿ ಹೊರಗೆ ಬಿಟ್ಟರು. ಗಲಾಟೆಗೆ ಎಚ್ಚರಗೊಂಡ ಬಡಗಿ ತೆರೆಯ ಮೇಲಿನ ನೌಕೆ ನೋಡಿ "ಪ್ಲೈವುಡ್ಡು" ಎಂದ. ಮಾವ "ಅಲ್ಲ, ರಟ್ಟು" ಎಂದರು. ಬಾಳಿನಲ್ಲಿ ಮೊದಲ ಸಲ ತೀರ್ಪು ತಪ್ಪಿದ ಅವಮಾನಕ್ಕೆ ಬಡಗಿ ಮತ್ತೆ ಮಲಗಲೇ ಇಲ್ಲ. ಮಾವ ಕುರ್ಚಿಗೆ ಮರಳಿ, ಈ ಸಲ ಬೆನ್ನು ಚೆನ್ನಾಗಿ ಆನಿಸಿ ಕೂತರು.

ಕ್ವಾರಿಯ ಮರೆಯಿಂದ ಶುಕ್ರಾಸುರ ಬಂದ. ಗೋಣಿಚೀಲದ ಮೈ, ಟಾರ್ಚಿನ ಕಣ್ಣು. ಬಂದವನೇ ಕೈಕಾಲು ಕೊಡವುತ್ತ ರುದ್ರತಾಂಡವಕ್ಕೆ ಇಳಿದ.

"ನಾರು ತುಂಬಿದೀರಿ," ಎಂದಳು ಸೂಜಿಯಕ್ಕ ತನ್ನ ಕಸುಬಿನ ಕಣ್ಣಿನಿಂದ. "ಹಿಂಭಾಗಕ್ಕೆಲ್ಲ ಇಳಿದುಬಿಟ್ಟಿದೆ. ಒಳಗೆ ಸಿಕ್ಕಿಹಾಕ್ಕೊಂಡಿರೋ ಪುಣ್ಯಾತ್ಮ ಯಾರು?"

"ನಾನೇ."

ಆದರೂ ಅವಳು ಬಿಡಲಿಲ್ಲ. "ಮತ್ತೆ ಭೂಮಿಯವರ ಮೇಲೆ ಅಷ್ಟೊಂದು ಕೋಪ ಯಾಕೆ?"

"ಕೋಪ ಎಲ್ಲಿಂದ ಬರ್ಬೇಕು. ತುರಿಸ್ತಿತ್ತು."

ಕಂಡಕ್ಟರ್ ನಗುವಿಗೆ ಕಾಲು ಸೋತು ಮೊದಲ ಬಾರಿಗೆ ಸೋಫಾದ ಮೇಲೆ ಕುಸಿದ. ಮಾವನ ಕಣ್ಣಿನಲ್ಲೂ ನೀರು. ಕನ್ನಡಕ ತೆಗೆದು ಒರೆಸಿದರು. ತುರಿಕೆಯ ಕಥೆಗೆ ಬಾಲ, ಕೊಂಬು ಸೇರಿಸಿ ಅವರೇ ಹೇಳತೊಡಗಿದರು. ತಮ್ಮ ಚಿತ್ರದ ಹುಳುಕುಗಳಲ್ಲಿ ಮಂಡಳಿಯ ಕಣ್ಣಿಗೆ ಬೀಳದವನ್ನು ಬೆರಳಿಟ್ಟು ತೋರಿಸಿದರು. ಇಷ್ಟು ವರ್ಷ ಒಬ್ಬರೇ ಹೊತ್ತಿದ್ದ ಮೂಟೆಯನ್ನು ನಡುಮನೆಯಲ್ಲಿ ಬಿಚ್ಚಿ ಹಂಚಿದ ಹಾಗಿತ್ತು.

ಅಷ್ಟರಲ್ಲಿ ನಾಯಕ ಜಲ್ಲಿಯ ಗುಡ್ಡ ಹತ್ತಿದ. ಶುಕ್ರಗ್ರಹದಲ್ಲಿ ಬೆಳಗಾಯಿತು.

ಮೊದಲು ಗುಡ್ಡದಾಚೆ ಬೆಳಕಿನ ಒಂದು ಹನಿ ಮಾತ್ರ ಕಂಡಿತು. ಅದು ತುಂಬಿ ನಡುಗಿತು, ಇನ್ನೇನು ತುಳುಕುತ್ತದೆ ಅನ್ನುವಾಗ ಮೂರಾಗಿ ಒಡೆಯಿತು. ಮೂರು ಸೂರ್ಯರು ಒಬ್ಬರೊಳಗೆ ಒಬ್ಬರು ಹಾದುಹೋದರು. ಹಾದ ಕಡೆಯೆಲ್ಲ ಹೆಸರಿಲ್ಲದ ಬಣ್ಣಗಳು ಮಗ್ಗುಲು ಬದಲಿಸಿದವು. ಕಡೆಗೆ ಆಕಾಶವೇ ಒಂದು ದೊಡ್ಡ ಕಣ್ಣಿನ ಹಾಗೆ ಮೆಲ್ಲಗೆ ತೆರೆದುಕೊಂಡಿತು. ಆ ಬೆಳಕು ಬಿಳಿ ಬಟ್ಟೆಯಿಂದ ಇಳಿದು ಹರಿದ ಸೋಫಾಗಳ ಮೇಲೆ, ಬಿಚ್ಚಿಟ್ಟ ಸ್ಪ್ರಿಂಗುಗಳ ಮೇಲೆ, ಮಂಡಳಿಯ ನಾಲ್ವರ ಮುಖದ ಮೇಲೆ ಹರಿಯಿತು. ಜಲ್ಲಿಯ ಕ್ವಾರಿ ಎಲ್ಲೂ ಇರಲಿಲ್ಲ. ಅವರು ಈವರೆಗೆ ಯಾರೂ ಕಾಲಿಡದ ಒಂದು ಜಾಗದಲ್ಲಿದ್ದರು.

ಯಾರೂ ಮಾತಾಡಲಿಲ್ಲ.

ಮಾವನಿಗೆ ಮತ್ತೆ ದಿಗಿಲು. "ಯಾಕೆ ಸುಮ್ಮನಾದ್ರಿ? ಏನಾದ್ರೂ ಅನ್ನಿ."

ಮೇಷ್ಟ್ರು ತೆರೆಯಿಂದ ಕಣ್ಣು ಕೀಳದೆ ಹೇಳಿದರು: "ಸ್ವಲ್ಪ ಸುಮ್ಮನಿರಿ. ನೋಡ್ತಾ ಇದೀವಿ."

ಮಾವನೂ ತೆರೆಯತ್ತ ತಿರುಗಿದರು.

ಆ ಬೆಳಗು ಬಹಳ ಹೊತ್ತು ಉಳಿಯಲಿಲ್ಲ. ನಾಯಕ ಎಡವಿದ, ಕಲ್ಲುಬಂಡೆ ಅವನ ಮೊಣಕೈ ತಾಗಿ ಮಡಿಚಿಕೊಂಡಿತು, ಮಂಡಳಿ ಮತ್ತೆ ಕಸುಬಿಗೆ ಇಳಿಯಿತು. ಕಡೆಯ ಹೆಸರು ಬಂದು ಹೋಗಿ ದೀಪ ಹಾಕಿದ ಮೇಲೆ ಎಲ್ಲರೂ ಮಾವನನ್ನು ಮುತ್ತಿಕೊಂಡರು. ಅದು ಹೇಗೆ ಮಾಡಿದ್ದು? ಮೇಷ್ಟ್ರು ಗಾಜಿರಬೇಕೆಂದರು, ಕಂಡಕ್ಟರ್ ನೀರು ಎಂದ, ಬಡಗಿ ಈ ಸಲ ಬಾಯಿ ತೆರೆಯುವ ಧೈರ್ಯ ಮಾಡಲಿಲ್ಲ.

"ಹೇಳಿ ಮಾವ," ಎಂದಳು ಸೂಜಿಯಕ್ಕ. ಆ ಧ್ವನಿಯಲ್ಲಿ ಚುಚ್ಚುವಂಥದ್ದು ಒಂದಿಷ್ಟೂ ಇರಲಿಲ್ಲ. ದೀಪದೆದುರು ಬಿಲ್ಲೆ ಹಿಡಿದ ಮಗುವೇ ಕೇಳಿದಂತಿತ್ತು.

ಮಾವ ಅಂಗಿಯ ಮಡಿಕೆ ಸರಿಮಾಡಿಕೊಂಡು ಎದ್ದರು. ಒಬ್ಬೊಬ್ಬರ ಮುಖವನ್ನೂ ಸಾವಕಾಶವಾಗಿ, ಬಲು ಸಂತೋಷದಿಂದ ನೋಡಿದರು.

"ಬೈಯೋದಿದ್ರೆ ಇನ್ನೂ ಬೈರಿ, ಕೂತು ಕೇಳ್ತೀನಿ," ಎಂದರು. "ಅದನ್ನ ಮಾತ್ರ ಹೇಳಲ್ಲ."